ಬರುವ ಮೊದಲೇ ಮಾರಾಟವಾದ ಬೆಲ್ಲ

ಆ ಸೋಮವಾರ ಬೆಳಿಗ್ಗೆ ನನಗೆ ಬಂದ ಫೋನು ದೂರಿನದ್ದಲ್ಲ, ಅಭಿನಂದನೆಯದ್ದು. ನಮ್ಮ ಕೆಲಸದಲ್ಲಿ ಹಾಗಾಗುವುದು ಅಪರೂಪ. ಯಂತ್ರ ಸರಿಯಾಗಿ ನಡೆಯುತ್ತಿರುವಾಗ ನಾವು ಬದುಕಿದ್ದೇವೆಂದೇ ಯಾರಿಗೂ ನೆನಪಿರುವುದಿಲ್ಲ. ಮಾತಾಡಿದವರು ಬೈಲಹೊಂಗಲ ಕಡೆಯಿಂದ ಬಂದು ಪುಣೆಯಲ್ಲಿ ನೆಲೆನಿಂತ ಬೆಲ್ಲದ ವ್ಯಾಪಾರಿ.

"ಅಕ್ಕಾರ, ನಿಮ್ಮ ಮಷಿನ್ ಭಾಳ ಛಲೋ ಅದರೀ. ಲಾರಿ ಗೇಟ್ ದಾಟೂಕಿಂತ ಮೊದಲ ನಾ ಮಾಲು ತೊಗೊಂಡೀನಿ ಅಂತ ಚೀಟಿ ಕೊಟ್ಟದ. ಇದನ್ನ ದಿನಾ ಹಿಂಗ ಮಾಡಾಕ ಬರ್ತದೇನ್ರಿ?"

ನಾನು ಅದೇ ಪುಣೆಯ ಮಗರಪಟ್ಟಾದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುತ್ತಿದ್ದೆ. ನೋಡಿಕೊಳ್ಳುವುದು ಎಂದರೆ, ಎಲ್ಲೋ ಇರುವ ಯುನಿಕ್ಸ್ ಯಂತ್ರಗಳ ಒಳಗೆ ನನ್ನ ಮೇಜಿನಿಂದಲೇ ಹೊಕ್ಕು, ಅವುಗಳ ಹೊಟ್ಟೆ ತುಂಬಿದೆಯೋ ಖಾಲಿಯಿದೆಯೋ, ಮೈ ಬಿಸಿಯಾಗಿದೆಯೋ ತಣ್ಣಗಿದೆಯೋ ಎಂದು ವಿಚಾರಿಸುತ್ತಾ ಇರುವುದು. ಅವುಗಳಲ್ಲಿ ಮೂರು ಯಂತ್ರಗಳು ಮಾರ್ಕೆಟ್ ಯಾರ್ಡ್‌ನ ಹಿಂಬದಿಯ ರಸ್ತೆಯಲ್ಲಿದ್ದ ಒಂದು ದೊಡ್ಡ ಗೋದಾಮಿನಲ್ಲಿದ್ದವು. ಕೆಲವು ಬೆಲ್ಲದ ವ್ಯಾಪಾರಿಗಳು ಸೇರಿ, ತಮ್ಮತಮ್ಮೊಳಗೇ ಅಲ್ಲಿ ಒಂದು ಖಾಸಗಿ ಹರಾಜು ನಡೆಸುತ್ತಿದ್ದರು. ಲಾರಿ ಒಳಗೆ ಬಂದದ್ದನ್ನು ಗೇಟಿನ ಯಂತ್ರ ಬರೆದುಕೊಳ್ಳುತ್ತಿತ್ತು. ಯಾರು ಯಾವಾಗ ಕೂಗಿ ಮಾಲು ಹಿಡಿದರು ಎಂಬುದನ್ನು ಹರಾಜಿನ ಯಂತ್ರ. ಕೊನೆಗೆ ಬಿಲ್ಲು ಮಾಡುವುದು ಮೂರನೆಯದು. ಮೂರೂ ಒಂದೇ ತಂತಿಯಲ್ಲಿ ಕಟ್ಟಿಸಿಕೊಂಡಿದ್ದವು.

ಚೀಟಿಯ ಚಿತ್ರ ಕಳಿಸಿ ಎಂದೆ. ಕಳಿಸಿದರು. ನಿಜವೇ ಇತ್ತು. ಬೆಲ್ಲ ಮಾರಾಟವಾಗಿ ಸುಮಾರು ಹತ್ತು ನಿಮಿಷದ ಮೇಲೆ ಆ ಬೆಲ್ಲದ ಲಾರಿ ಗೇಟಿನೊಳಗೆ ಬಂದಿತ್ತು.

"ಸಾಹುಕಾರ್ರ, ಇದು ತಪ್ಪಾಗಿದೆ. ಗಡಿಯಾರ ಕೆಟ್ಟಿರಬೇಕು" ಎಂದೆ.

"ತಪ್ಪ ಯಾಕ ಅಂತೀರಿ? ನನಗೇನು ತ್ರಾಸ ಆಗಿಲ್ಲಲ್ಲ" ಎಂದು ಅವರು ಸಮಾಧಾನ ಹೇಳಿದರು.

ಅವರಿಗೆ ತ್ರಾಸವಿರಲಿಲ್ಲ, ಉಳಿದವರಿಗೆ ಇತ್ತು. ಮಧ್ಯಾಹ್ನದ ಹೊತ್ತಿಗೆ ಬೇರೆ ವ್ಯಾಪಾರಿಗಳ ಫೋನುಗಳು ಶುರುವಾದವು. ಲಾರಿ ಬರುವ ಮೊದಲೇ ಮಾಲು ಹಿಡಿಯುವ ಸೌಲಭ್ಯವನ್ನು ಒಬ್ಬರಿಗೆ ಮಾತ್ರ ಏಕೆ ಕೊಟ್ಟಿದ್ದೀರಿ, ಅದಕ್ಕೆ ಎಲ್ಲಿ ಅರ್ಜಿ ಹಾಕಬೇಕು ಎಂದು ಒಬ್ಬರು ಗಂಭೀರವಾಗಿ ಕೇಳಿದರು. ಇನ್ನೊಬ್ಬರ ಮಾತಿನಲ್ಲಿ ಮಾಟದ ಸುಳಿವಿತ್ತು. ನಾನು ಹರಾಜಿನ ಯಂತ್ರದೊಳಗೆ ಹೋಗಿ ಸಮಯ ನೋಡಿದೆ. ನನ್ನ ಫೋನಿನ ಸಮಯಕ್ಕೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಅಲ್ಲಿಂದಲೇ ಗೇಟಿನ ಯಂತ್ರವನ್ನು ಕೇಳಿದೆ. ಅದು ಕಾಲು ಗಂಟೆ ಹಿಂದೆ ಇತ್ತು. ಬಿಲ್ಲಿನ ಯಂತ್ರವೂ ಗೇಟು ಹೇಳಿದ್ದನ್ನೇ ಹೇಳಿತು. ಸರಿ, ಗೇಟು ನಿಧಾನ ಎಂದು ಬರೆದು ವಿಮಾನ ನಗರದ ಕಚೇರಿಯಲ್ಲಿ ಕೂರುತ್ತಿದ್ದ ನನ್ನ ಮ್ಯಾನೇಜರ್‌ಗೆ ಕಳಿಸಿ ಊಟಕ್ಕೆ ಎದ್ದೆ.

ಊಟ ಮುಗಿಸಿ ಬರುವಷ್ಟರಲ್ಲಿ ಅವರ ಕರೆ ಬಂತು. ಅವರು ಬೆಂಗಳೂರಿನವರು. ಸಿಟ್ಟು ಬಂದರೂ ಧ್ವನಿ ಏರುತ್ತಿರಲಿಲ್ಲ, ಇಂಗ್ಲಿಷ್ ಮಾತ್ರ ಹೆಚ್ಚಾಗುತ್ತಿತ್ತು.

"ನೀವು ಸರಿಯಾಗಿ ಚೆಕ್ ಮಾಡಿದೀರಾ? ನಾನೀಗ ಗೇಟ್ ಸರ್ವರ್‌ನಲ್ಲೇ ಇದೀನಿ. ಪರ್ಫೆಕ್ಟ್ ಟೈಮ್ ಇದೆ. ಸ್ಲೋ ಇರೋದು ಹರಾಜಿನ ಸರ್ವರ್."

"ಸರ್, ನಾನು ಈಗ ತಾನೇ ನೋಡಿದ್ದು. ಹರಾಜಿನದ್ದು ಸರಿ ಇದೆ. ಗೇಟು ಹಿಂದೆ ಇದೆ."

"ಬಿಲ್ಲಿಂಗ್ ಕೂಡ ನನ್ನ ಕಡೆಗೇ ಇದೆ. ಟು ಎಗೇನ್ಸ್ಟ್ ಒನ್."

"ಬಿಲ್ಲಿಂಗ್ ನನ್ನ ಹತ್ತಿರ ಬೇರೆ ಹೇಳಿತ್ತು ಸರ್."

ಬಿಲ್ಲಿಂಗ್ ಎಂಬಾಕೆ ನಮ್ಮಿಬ್ಬರ ನಡುವೆ ತಂದಿಡುತ್ತಿದ್ದಾಳೆಂಬಂತೆ ಇತ್ತು. ನಾನು ಮತ್ತೆ ಹರಾಜಿನ ಯಂತ್ರದೊಳಗೆ ಹೋಗಲು ನೋಡಿದೆ. ಅದು ನನ್ನನ್ನು ಬಿಡಲಿಲ್ಲ. ಒಳಹೋಗಲು ನಮ್ಮ ಫೋನಿನಲ್ಲಿ ಒಂದು ಸಂಖ್ಯೆ ಬರುತ್ತದೆ, ಅದು ಸಮಯಕ್ಕೆ ತಕ್ಕಂತೆ ಬದಲಾಗುತ್ತಾ ಹೋಗುತ್ತದೆ. ಫೋನಿನ ಸಮಯವೂ ಯಂತ್ರದ ಸಮಯವೂ ಒಂದೇ ಇದ್ದರೆ ಮಾತ್ರ ಬಾಗಿಲು ತೆರೆಯುತ್ತದೆ. ಕಾಲು ಗಂಟೆ ಹಿಂದೆ ಬದುಕುತ್ತಿದ್ದ ಯಂತ್ರದ ಲೆಕ್ಕದಲ್ಲಿ ನನ್ನ ಸಂಖ್ಯೆ ಇನ್ನೂ ಹುಟ್ಟಿರಲೇ ಇಲ್ಲ.

ಅಂದರೆ ಯಾವ ಯಂತ್ರದ ಗಡಿಯಾರ ಕೆಟ್ಟಿತ್ತೋ ಅದು ನಮ್ಮನ್ನು ಒಳಗೆ ಬಿಡುತ್ತಿರಲಿಲ್ಲ. ಯಾವುದು ಒಳಗೆ ಬಿಡುತ್ತಿತ್ತೋ ಅದರಲ್ಲಿ ರಿಪೇರಿ ಮಾಡಲು ಏನೂ ಇರುತ್ತಿರಲಿಲ್ಲ. ಇನ್ನೊಂದು ಗಂಟೆ ಬಿಟ್ಟು ನೋಡಿದರೆ ಎರಡೂ ಪಾತ್ರ ಬದಲಿಸಿಕೊಂಡಿದ್ದವು. ಈಗ ಹರಾಜಿನದ್ದು ಸರಿ, ಗೇಟು ಹಿಂದೆ. ಮ್ಯಾನೇಜರ್‌ಗೆ ಹೇಳಿದೆ. ಅವರು "ನೀವು ಫಿಸಿಕಲಿ ಹೋಗಿ ಬನ್ನಿ" ಎಂದರು.

ಮರುದಿನ ಬೆಳಿಗ್ಗೆ ರಿಕ್ಷಾ ಹಿಡಿದು ಹೋದೆ. ಮಾರ್ಕೆಟ್ ಯಾರ್ಡ್ ಸುತ್ತ ಆ ಹೊತ್ತಿಗೆ ರಿಕ್ಷಾ ನಡೆಯುವುದಿಲ್ಲ, ತೂರುತ್ತದೆ. ಈರುಳ್ಳಿ ಚೀಲದ ಟೆಂಪೋಗಳ ನಡುವೆ ಸಿಕ್ಕಿಕೊಂಡು, ಕೊನೆಗೆ ಇಳಿದು ನಡೆದೇ ಹೋದೆ. ಗೋದಾಮಿನ ಬಾಗಿಲಿಗೆ ಬಂದಾಗ ಮೊದಲು ಕಂಡದ್ದು ಜೇನುನೊಣ. ಒಂದಲ್ಲ, ಹಿಂಡು. ಹರಾಜಿನ ಹಜಾರದ ನಡುಮಧ್ಯೆ ತಲೆಗಾತ್ರದ ಬೆಲ್ಲದ ಪೆಂಟೆಗಳ ಒಂದು ದೊಡ್ಡ ರಾಶಿ ನಿಂತಿತ್ತು, ನೊಣಗಳು ಅದರ ಸುತ್ತ ಹಾರುತ್ತಿದ್ದವು, ಹಮಾಲರು ತಲೆಗೆ ಟವೆಲ್ ಸುತ್ತಿಕೊಂಡು ದೂರದಲ್ಲಿ ಕುಳಿತಿದ್ದರು. ರಾಶಿಯ ಒಂದು ಬದಿಯಲ್ಲಿ ನಮ್ಮ ಬೈಲಹೊಂಗಲದ ಸಾಹುಕಾರರು ಕುರ್ಚಿ ಹಾಕಿಕೊಂಡು ಕೂತಿದ್ದರು. ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ನೊಣ ಬೀಸಲು ಒಂದು ರಟ್ಟು. ಇನ್ನೊಂದು ಬದಿಯಲ್ಲಿ ಅಂಥದೇ ಕುರ್ಚಿಯಲ್ಲಿ, ಅಂಥದೇ ರಟ್ಟು ಹಿಡಿದು, ಸ್ವಲ್ಪ ಕಿರಿಯರಾದ ಇನ್ನೊಬ್ಬರು. ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಹಾಕಿದ್ದರು.

"ಬರ್ರಿ ಅಕ್ಕಾರ, ಬರ್ರಿ" ಎಂದು ಸಾಹುಕಾರರು ಎದ್ದರು. "ನೀವು ಕನ್ನಡದವರು ಅಂತ ಮಾತಿನ್ಯಾಗ ಗೊತ್ತಾತು. ಯಾವ ಊರವರ್ರಿ?"

"ಹುಟ್ಟಿದ್ದು ಇಲ್ಲೇ ರೀ. ಅಪ್ಪಾರು ವಿಜಯಪುರದವರು. ಬಟ್ಟೆ ಅಂಗಡಿಯಲ್ಲಿ ಗುಮಾಸ್ತರಾಗಿ ಬಂದು ಇಲ್ಲೇ ಉಳಿದರು" ಎಂದೆ.

"ಹಂಗಾದ್ರ ನಮ್ಮವರ ಆದ್ರಿ. ಇಲ್ಲಿ ನೋಡ್ರಿ, ನಿನ್ನೆ ನಿಮಗ ಫೋನ್ ಮಾಡಿದ ಮ್ಯಾಲ ಈ ಇನ್ನೊಂದು ಮಾಲು ನಾ ತೊಗೊಂಡೆ. ಟೆಂಪೋ ಹೇಳಾಕ ಹೊರಗ ಹೋದೆ. ಬಂದು ನೋಡ್ತೀನಿ, ಇದ ಮಾಲು ಅಲ್ಲಿ ಕುಂತಾನಲ್ಲ, ಅವಗ ಮಾರ್ಯಾರ."

ಅಲ್ಲಿ ಕುಳಿತಿದ್ದವರು ಅವರ ಹೆಂಡತಿಯ ತಮ್ಮ ಎಂದು ಹಮಾಲರೊಬ್ಬರು ನನಗೆ ಮೆಲ್ಲಗೆ ಮರಾಠಿಯಲ್ಲಿ ಹೇಳಿದರು. ಯಾವುದೋ ಮದುವೆಯ ಪಂಕ್ತಿಯಲ್ಲಿ ಮೊದಲ ಸಾಲಿಗೆ ಯಾರು ಕೂರಬೇಕೆಂಬ ವಿಷಯದಲ್ಲಿ ಮಾತು ಬಿಟ್ಟವರು ವರ್ಷಗಳಿಂದ ಮಾತಾಡಿಲ್ಲವಂತೆ. ಒಂದೇ ಹಜಾರದಲ್ಲಿ ದಿನವೂ ಎದುರುಬದುರಾಗಿ ಕೂಗುತ್ತಾ ಮಾತಾಡದೆ ಇರುವುದು ಹೇಗೆ ಎಂದು ಕೇಳಿದೆ. "ಹರಾಜಿನಲ್ಲಿ ಕೂಗುವುದು ಮಾತಲ್ಲವಲ್ಲ" ಎಂದರು ಹಮಾಲರು.

ನಾನು ಹರಾಜಿನ ಯಂತ್ರದ ಮುಂದೆಯೇ ಕೂತೆ. ಕೀಲಿಮಣೆ ಅಂಟುಅಂಟಾಗಿತ್ತು. ಎದುರಿಗೆ ಕೂತವರನ್ನು ಯಂತ್ರ ಸಂಖ್ಯೆ ಕೇಳುವುದಿಲ್ಲ, ಗುಪ್ತಪದ ಸಾಕು. ಒಳಗೆ ಹೋಗಿ ಹುಡುಕಿದಾಗ ನನಗಿಂತ ಮೊದಲು ಈ ಕೆಲಸದಲ್ಲಿದ್ದವರು ಬರೆದಿಟ್ಟ ಪುಟ್ಟ ಆಜ್ಞೆಯೊಂದು ಸಿಕ್ಕಿತು. ಅವರು ಬೇರೆ ಕಂಪನಿಗೆ ಹೋಗಿ ಬಹಳ ಕಾಲವಾಗಿತ್ತು. ಗೋದಾಮಿನವರು ಹೊರಗಿನ ಇಂಟರ್ನೆಟ್ಟಿಗೆ ಹೆಚ್ಚು ಕಿಂಡಿ ಬಿಡಬೇಡಿ ಎಂದಿದ್ದರಂತೆ. ಅದಕ್ಕೆ ಅವರು ಹೊರಗೆ ಎಲ್ಲಿಯೂ ಸಮಯ ಕೇಳದಂತೆ ಒಂದು ಉಪಾಯ ಮಾಡಿದ್ದರು. ಪ್ರತಿ ಗಂಟೆಗೂ ಗೇಟಿನ ಯಂತ್ರ ಹರಾಜಿನ ಯಂತ್ರವನ್ನು ಸಮಯ ಕೇಳಿ ಹಾಗೇ ತನ್ನ ಮುಳ್ಳು ತಿರುಗಿಸಿಕೊಳ್ಳಬೇಕು. ಅದಾದ ಮೇಲೆ ಹರಾಜಿನ ಯಂತ್ರ ಬಿಲ್ಲಿನ ಯಂತ್ರವನ್ನು ಕೇಳಬೇಕು. ಬಿಲ್ಲಿನ ಯಂತ್ರ ಗೇಟಿನ ಯಂತ್ರವನ್ನು ಕೇಳಬೇಕು. ಸರಿಯಾದ ಸಮಯ ಗೊತ್ತಿರುವವರು ಆ ಸುತ್ತಿನಲ್ಲಿ ಯಾರೂ ಇರಲಿಲ್ಲ.

ಮೂರಕ್ಕೂ ಒಂದೇ ಸಮಯ ಇರುವ ತನಕ ಯಾರಿಗೂ ಏನೂ ಗೊತ್ತಾಗಿರಲಿಲ್ಲ. ಹಿಂದಿನ ಶನಿವಾರ ಜೋರು ಮಳೆಗೆ ಕರೆಂಟು ಹೋಗಿತ್ತು. ಗೇಟಿನ ಯಂತ್ರದೊಳಗಿನ ಗುಂಡಿಯಂಥ ಸೆಲ್ ಸತ್ತಿದ್ದರಿಂದ ಅದು ಎದ್ದಾಗ ಕಾಲು ಗಂಟೆ ಹಿಂದೆ ಬಿದ್ದಿತ್ತು. ಆಮೇಲೆ ಆಟ ಶುರು. ಗೇಟು ಹರಾಜಿನಿಂದ ಸರಿಯಾದ ಸಮಯ ತೆಗೆದುಕೊಂಡಿತು. ಅಷ್ಟರಲ್ಲಿ ಹರಾಜು ಬಿಲ್ಲಿನ ಬಳಿ ಹೋಗಿ, ಗೇಟು ಹಿಂದಿನ ಗಂಟೆ ಕೊಟ್ಟುಹೋಗಿದ್ದ ತಪ್ಪು ಸಮಯವನ್ನು ತಂದುಕೊಂಡಿತು. ಮುಂದಿನ ಗಂಟೆ ಅದರ ಉಲ್ಟಾ. ಸರಿಯೂ ತಪ್ಪೂ ಹೀಗೆ ಗಂಟೆಗೊಮ್ಮೆ ಮನೆ ಬದಲಿಸುತ್ತಾ, ಒಂದನ್ನೊಂದು ಭೇಟಿಯಾಗದೆ ಮೂರು ದಿನದಿಂದ ತಿರುಗುತ್ತಿದ್ದವು.

ಇದನ್ನು ಸಾಹುಕಾರರಿಗೆ ವಿವರಿಸಿದೆ. ಅವರು ಬೆಲ್ಲದ ನೊಣ ಓಡಿಸುತ್ತಾ ಪೂರ್ತಿ ಕೇಳಿಸಿಕೊಂಡರು.

"ಅಂದ್ರ ಆ ಬಿಲ್ಲಿನ ಮಷಿನ್ ನಡುವ ಕುಂತು ದಲಾಲಿ ಮಾಡಾಕತ್ತದ."

"ಹೌದ್ರಿ."

"ಮತ್ತ ನನ್ನ ಬೆಲ್ಲ ಎರಡ ಸಲ ಯಾಕ ಮಾರ್ತು?"

ಅದಕ್ಕೂ ಕಾರಣವಿತ್ತು. ಸಾಹುಕಾರರು ಈ ಮಾಲು ಹಿಡಿದಾಗ ಹರಾಜಿನ ಯಂತ್ರ ಸರಿಯಾದ ಸಮಯದಲ್ಲಿತ್ತು. ಅವರು ಹೊರಗೆ ಹೋದ ಕೂಡಲೇ ಗಂಟೆ ತಿರುಗಿ ಯಂತ್ರ ಕಾಲು ಗಂಟೆ ಹಿಂದಕ್ಕೆ ಜಿಗಿಯಿತು. ಆ ಕ್ಷಣದಲ್ಲಿ ಅದರ ಲೆಕ್ಕಕ್ಕೆ ಬೆಲ್ಲ ಇನ್ನೂ ಮಾರಾಟವಾಗಿಲ್ಲ. ಪರದೆಯ ಮೇಲೆ ಮುಂದಿನ ಮಾಲು ಎಂದು ಅದನ್ನೇ ತೋರಿಸಿತು. ಹರಾಜು ಕೂಗುವವರು ಚಹಾಕ್ಕೆ ಹೋಗಿ ಅವರ ಜಾಗಕ್ಕೆ ಇನ್ನೊಬ್ಬರು ಬಂದಿದ್ದರು, ಪರದೆ ನೋಡಿ ಕೂಗಿದರು. ಆಗ ತಾನೇ ಒಳಬಂದ ಭಾವಮೈದುನ ಕೈ ಎತ್ತಿದರು.

ನಾನು ಇಷ್ಟು ಹೇಳುವಷ್ಟರಲ್ಲಿ ರಾಶಿಯ ಆ ಬದಿಯಿಂದ ಗೋಡೆಗೆ ಹೇಳುವಂತೆ ಒಂದು ಮಾತು ಬಂತು.

"ಮ್ಯಾಡಮ್ಮಾರಿಗೆ ಎರಡೂ ಚೀಟಿ ನೋಡಂತ ಹೇಳ್ರಿ ಯಾರರ. ಯಾವುದು ಮೊದಲಿಂದು?"

ಎರಡೂ ಚೀಟಿ ನೋಡಿದೆ. ಆಮೇಲೆ ಕೊಂಡವರ ಚೀಟಿ ಮೊದಲಿನದ್ದಾಗಿತ್ತು. ಹಿಂದಕ್ಕೆ ಜಿಗಿದ ಗಡಿಯಾರ ಅದಕ್ಕೆ ಹಳೆಯ ಸಮಯ ಹಾಕಿತ್ತು.

"ಚೀಟಿಯ ಪ್ರಕಾರ ನಿಮ್ಮದು ಮೊದಲು" ಎಂದೆ. "ಆದರೆ ನಿಜವಾಗಿ ಅವರದು ಮೊದಲು."

"ಅಂದ್ರ ನಿಮ್ಮ ಮಷಿನ್ ಸುಳ್ಳ ಹೇಳ್ತದೇನ್ರಿ?"

ಕಂಪನಿಯ ಪರವಾಗಿ ಇಂಥ ಪ್ರಶ್ನೆಗೆ ಹೇಗೆ ಉತ್ತರಿಸಬೇಕೆಂದು ನಮಗೆ ತರಬೇತಿ ಕೊಟ್ಟಿದ್ದರು. ಕಿವಿಯ ಹತ್ತಿರ ಒಂದು ನೊಣ ಬೇರೆ ಗುಂಯ್‌ಗುಡುತ್ತಿತ್ತು.

"ಹೌದ್ರಿ" ಎಂದೆ.

"ಹಂಗಾದ್ರ ಲಾರಿ ಬರೂ ಮೊದಲ ಮಾಲು ಹಿಡದೀನಿ ಅಂತ ಯಾರೋ ನಿನ್ನೆ ಊರೆಲ್ಲ ಚೀಟಿ ತೋರ್ಸಿದ್ರಲ್ಲ, ಅದೂ ಸುಳ್ಳ ಆತು" ಎಂದು ಗೋಡೆಗೆ ಹೇಳಿದರು ಭಾವಮೈದುನ.

ಸಾಹುಕಾರರ ಮುಖ ಬಾಡಿತು. ಬೆಲ್ಲ ಹೋದರೂ ಅವರಿಗೆ ಅಷ್ಟು ನೋವಾಗುತ್ತಿರಲಿಲ್ಲ ಎಂದು ನನಗನ್ನಿಸಿತು. ಆ ಚೀಟಿಯನ್ನು ಅವರು ಕಿಸೆಯಲ್ಲಿ ಪ್ಲಾಸ್ಟಿಕ್ ಹೊದಿಕೆ ಹಾಕಿ ಇಟ್ಟುಕೊಂಡಿದ್ದರು.

ರಿಪೇರಿ ಸುಲಭವಿತ್ತು. ಆ ಹಳೆಯ ಆಜ್ಞೆ ಕಿತ್ತುಹಾಕಿ, ಮೂರೂ ಯಂತ್ರಗಳು ಹೊರಗಿನ ಸರಿಯಾದ ಗಡಿಯಾರಗಳನ್ನು ಕೇಳುವಂತೆ ಮಾಡಿದರೆ ಮುಗಿಯಿತು. ಆದರೆ ಹೊರಗೆ ಕೇಳಲು ಕಿಂಡಿ ತೆರೆಯಬೇಕು, ತೆರೆಯಲು ಗೋದಾಮಿನ ಸಮಿತಿ ಒಪ್ಪಬೇಕು. ಸಮಿತಿಯ ಅಧ್ಯಕ್ಷರು ಮರಾಠಿ ಮಾತಾಡುವ ಹಿರಿಯ ವ್ಯಾಪಾರಿ, ಬಿಳಿ ಟೋಪಿ, ಬಹಳ ನಿಧಾನಿ. ಹನ್ನೊಂದಕ್ಕೆ ಸಭೆ ಎಂದು ಹೇಳಿ ಕಳಿಸಿದರು.

ಹನ್ನೊಂದು ಎನ್ನುವಲ್ಲೇ ತೊಡಕು ಹತ್ತಿತು. ಹಜಾರದ ಗೋಡೆಯ ಮೇಲೆ ಒಂದು ದೊಡ್ಡ ಗಡಿಯಾರವಿತ್ತು. ಹಮಾಲರು ಬೇಗ ಬರಲೆಂದು ಅದನ್ನು ಯಾವ ಕಾಲದಿಂದಲೋ ಹತ್ತು ನಿಮಿಷ ಮುಂದೆ ಇಟ್ಟಿದ್ದರು. ಅದು ಮುಂದಿದೆ ಎಂದು ಹಮಾಲರಿಗೂ ಗೊತ್ತಿದ್ದುದರಿಂದ ಅವರು ಸರಿಯಾದ ಸಮಯಕ್ಕೇ ಬರುತ್ತಿದ್ದರು. ಸಮಿತಿಯವರಲ್ಲಿ ಕೆಲವರು ಗೋಡೆ ನೋಡಿ ಬಂದರು, ಕೆಲವರು ಫೋನು ನೋಡಿ ಬಂದರು. ಗೇಟಿನ ಕೋಣೆಯಲ್ಲಿ ಕೂತಿದ್ದ ಒಬ್ಬರು ಅಲ್ಲಿನ ಯಂತ್ರದ ಪರದೆ ನೋಡಿ ಎಲ್ಲರಿಗಿಂತ ತಡವಾಗಿ ಬಂದು, "ಇಷ್ಟು ಬೇಗ ಯಾಕೆ ಶುರು ಮಾಡಿದಿರಿ?" ಎಂದು ಜಗಳ ತೆಗೆದರು.

ಅಧ್ಯಕ್ಷರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ನನ್ನ ಕಡೆ ತಿರುಗಿ ಬಹಳ ಮೃದುವಾಗಿ ಕೇಳಿದರು. "ಮ್ಯಾಡಮ್, ಆತಾ ಕಿತೀ ವಾಜಲೇ?"

ಈಗ ಗಂಟೆ ಎಷ್ಟು ಎಂದು ಕೇಳಿದ್ದರು, ಅಷ್ಟೇ. ಇಡೀ ಹಜಾರ ನನ್ನ ಮುಖ ನೋಡುತ್ತಿತ್ತು. ಜೀವನದಲ್ಲಿ ಅದೆಷ್ಟು ಸಲ ಉತ್ತರಿಸಿದ್ದ ಪ್ರಶ್ನೆಯಾದರೂ ಆ ಹೊತ್ತು ಫೋನನ್ನು ಎರಡೆರಡು ಸಲ ನೋಡಿಕೊಂಡೆ. ಆಮೇಲೆ ಹೇಳಿದೆ.

"ಅದು ನಿಮ್ಮ ಫೋನಿನ ಸಮಯ" ಎಂದರು ಒಬ್ಬರು. "ಈ ಗೋದಾಮಿನ ಸಮಯ ಎಷ್ಟು?"

ಚರ್ಚೆ ಶುರುವಾಯಿತು. ಹೊರಗಿನವರ ಸಮಯ ನಮಗೇಕೆ, ಇಷ್ಟು ವರ್ಷ ನಮ್ಮ ಸಮಯದಲ್ಲೇ ವ್ಯಾಪಾರ ನಡೆದಿಲ್ಲವೇ ಎಂದು ಒಬ್ಬರು. ಗೋಡೆಯ ಗಡಿಯಾರವೇ ಪ್ರಮಾಣ, ಯಂತ್ರಗಳೆಲ್ಲ ಅದನ್ನು ನೋಡಿ ನಡೆಯಲಿ ಎಂದು ಮತ್ತೊಬ್ಬರು. ಯಂತ್ರಗಳಿಗೆ ಗೋಡೆ ಕಾಣುವುದಿಲ್ಲ ಎಂದೆ. ಹಾಗಾದರೆ ದಿನವೂ ಒಬ್ಬರು ಗೋಡೆ ನೋಡಿ ಯಂತ್ರಕ್ಕೆ ಹೇಳಲಿ, ಅದಕ್ಕೊಂದು ಹುದ್ದೆ ಮಾಡೋಣ ಎಂದರು. ಹುದ್ದೆ ಎಂದ ಕೂಡಲೇ ಎರಡು ಹೆಸರುಗಳು ಸೂಚಿತವಾದವು, ಎರಡೂ ಸೂಚಿಸಿದವರ ನೆಂಟರದ್ದು. ಕೊನೆಗೆ ಒಬ್ಬ ತರುಣ ವ್ಯಾಪಾರಿ ಎದ್ದು, ಇದೆಲ್ಲ ಬೇಡ, ಮೂರು ಯಂತ್ರಗಳಲ್ಲಿ ಎರಡು ಏನು ಹೇಳುತ್ತವೋ ಅದೇ ಸಮಯ, ಬಹುಮತ ಎಂದ. ಎಲ್ಲರಿಗೂ ಅದು ನ್ಯಾಯವಾಗಿ ಕಂಡಿತು. ಕೈ ಎತ್ತಿಸಿದರು. ಪಾಸಾಯಿತು. ಪರದೆಯಲ್ಲಿ ಬಹುಮತ ಯಾವುದೆಂದು ನನ್ನನ್ನು ಓದಿ ಹೇಳಲು ಹೇಳಿದರು. ಗೇಟೂ ಬಿಲ್ಲೂ ಒಂದು ಕಡೆ, ಹಿಂದಿನ ಸಮಯಕ್ಕೆ. ಓದಿದೆ. ಗುಮಾಸ್ತರು ಅದನ್ನು ಬರೆದುಕೊಳ್ಳಲು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದಂತೆ ಗಂಟೆ ತಿರುಗಿತು. ಅವೇ ಎರಡು ಯಂತ್ರಗಳು ಒಟ್ಟಾಗಿ ಸರಿಯಾದ ಸಮಯಕ್ಕೆ ನೆಗೆದವು.

"ಈಗ ಬಹುಮತ ಬದಲಾಗಿದೆ" ಎಂದೆ.

"ಕೈ ಎತ್ತಿದ್ದು ಎರಡು ನಿಮಿಷದ ಹಿಂದೆ!" ಎಂದ ತರುಣ ವ್ಯಾಪಾರಿ.

"ಗೇಟಿನ ಪ್ರಕಾರ ಅದು ಹದಿನೇಳು ನಿಮಿಷದ ಹಿಂದೆ" ಎಂದು ಯಾರೋ ಹಿಂದಿನಿಂದ ಕೂಗಿದರು.

ಅಧ್ಯಕ್ಷರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ತಲೆ ಒರೆಸಿಕೊಂಡರು. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ತಡೆಯಲಾರದೆ ನಕ್ಕೇಬಿಟ್ಟೆ. ಸಾಹುಕಾರರೂ ನಕ್ಕರು. ಆಶ್ಚರ್ಯವೆಂದರೆ ರಾಶಿಯ ಆಚೆ ಬದಿಯಿಂದಲೂ ಒಂದು ನಗು ಕೇಳಿಸಿತು, ತಕ್ಷಣ ಕೆಮ್ಮಾಗಿ ಬದಲಾಯಿತು.

ನಕ್ಕಮೇಲೆ ಮಾತು ಹಗುರಾಯಿತು. ನಾನು ಎದ್ದುನಿಂತು, ಒಂದು ಕಿಂಡಿ ತೆರೆಯಲು ಬಿಡಿ, ಸಂಜೆಯೊಳಗೆ ಮೂರೂ ಯಂತ್ರ ಒಂದೇ ಮಾತಾಡುತ್ತವೆ, ಗೋಡೆಯ ಗಡಿಯಾರ ಮುಟ್ಟುವುದಿಲ್ಲ ಎಂದು ಭರವಸೆ ಕೊಟ್ಟೆ. ಗೋಡೆಯದನ್ನು ಮುಟ್ಟುವುದಿಲ್ಲ ಎಂದದ್ದೇ ಎಲ್ಲರಿಗೂ ಹಿಡಿಸಿತು. ಅಧ್ಯಕ್ಷರು ತಲೆಯಾಡಿಸಿದರು.

"ಆದರೆ ಹಿಂದೆ ಇರುವ ಯಂತ್ರವನ್ನು ಮುಂದೆ ತರುವಾಗ ಹರಾಜು ನಿಲ್ಲಿಸಬೇಕು. ಕಾಲು ಗಂಟೆಯಷ್ಟು ಸಮಯ ಅದರ ಲೆಕ್ಕದಲ್ಲಿ ಇಲ್ಲದಂತಾಗುತ್ತದೆ" ಎಂದೆ.

"ಆ ಕಾಲು ತಾಸು ಎಲ್ಲಿ ಹೋಗ್ತದ?" ಸಾಹುಕಾರರು ಕೇಳಿದರು.

"ಎಲ್ಲಿಯೂ ಹೋಗುವುದಿಲ್ಲ ರೀ. ಅದಕ್ಕೆ ಮಾತ್ರ ಗೊತ್ತಾಗುವುದಿಲ್ಲ."

ಆ ಗೊತ್ತಾಗದ ಹೊತ್ತಿನಲ್ಲಿ ತನ್ನ ಮಾಲಿನ ಸರದಿ ಬರಬಾರದು ಎಂದು ಪ್ರತಿಯೊಬ್ಬರೂ ಹಟ ಹಿಡಿದರು. ಮಾಲು ಕೂಗಿ, ಕೈ ಎತ್ತಿ, ಅದು ಯಂತ್ರಕ್ಕೆ ಗೊತ್ತೇ ಆಗದಿದ್ದರೆ? ಯಾರ ಸರದಿಯೂ ಇಲ್ಲದ ಹೊತ್ತನ್ನು ಹುಡುಕಬೇಕಾಯಿತು. ಅಧ್ಯಕ್ಷರು ಕಣ್ಣು ಮುಚ್ಚಿ ಯೋಚಿಸಿ, "ಚಹಾ" ಎಂದರು.

ಹಾಗಾಗಿ ಆ ಕೆಲಸ ಚಹಾದ ಹೊತ್ತಿಗೆ ನಡೆಯಿತು. ಎಲ್ಲರೂ ಕೈಯಲ್ಲಿ ಲೋಟ ಹಿಡಿದು ನನ್ನ ಸುತ್ತ ನಿಂತರು. ಗೇಟಿನ ಯಂತ್ರಕ್ಕೆ ಹೊಸ ಸೆಲ್ ಹಾಕಿ ಬಂದಿದ್ದೆ. ಮ್ಯಾನೇಜರ್ ವಿಮಾನ ನಗರದಿಂದ ಫೋನಿನಲ್ಲಿ, "ಕಿಂಡಿ ಓಪನ್ ಆಯ್ತು, ಗೋ ಅಹೆಡ್" ಎಂದರು. ಹಳೆಯ ಆಜ್ಞೆ ಅಳಿಸಿದೆ. ಮೂರೂ ಯಂತ್ರಗಳಲ್ಲಿ ಹೊರಗಿನ ನಾಲ್ಕು ಗಡಿಯಾರಗಳ ವಿಳಾಸ ಬರೆದೆ. ಒಂದೇ ಸಾಕಲ್ಲವೇ ಎಂದು ತರುಣ ವ್ಯಾಪಾರಿ ಕೇಳಿದ. ಒಂದೇ ಇದ್ದರೆ ಅದು ಸುಳ್ಳು ಹೇಳಿದರೂ ನಂಬಬೇಕಾಗುತ್ತದೆ, ನಾಲ್ಕಿದ್ದರೆ ಸುಳ್ಳು ಹೇಳಿದ್ದನ್ನು ಉಳಿದವು ಹೊರಗಿಡುತ್ತವೆ ಎಂದೆ. "ಅಲ್ಲೂ ಸಮಿತಿಯೇ!" ಎಂದು ಅವನು ನಿಟ್ಟುಸಿರುಬಿಟ್ಟ. ಹರಾಜಿನ ಪರದೆಯ ಮೇಲಿನ ಸಮಯ ಒಮ್ಮೆ ಮಿಟುಕಿ ಮುಂದಕ್ಕೆ ಹಾರಿತು.

"ಆತೇನ್ರಿ?"

"ಆಯ್ತು ರೀ."

ಲೋಟದ ಚಹಾ ಇನ್ನೂ ಅರ್ಧ ಉಳಿದಿತ್ತು. ಯಂತ್ರದ ಪ್ರಕಾರ ಅವರೆಲ್ಲ ಕಾಲು ಗಂಟೆಯಿಂದ ಚಹಾ ಕುಡಿಯುತ್ತಿದ್ದರು. ಕೂಗುವವರು ಪರದೆ ನೋಡಿ, ಚಹಾದ ಹೊತ್ತು ಮುಗಿಯಿತು ಎಂದು ಗಂಟೆ ಬಾರಿಸಿಬಿಟ್ಟರು. ಹಮಾಲರು ಲೋಟ ಹಿಡಿದೇ ಗಲಾಟೆ ಎಬ್ಬಿಸಿದರು. ಅವರಿಗೆ ಇನ್ನೊಂದು ಸುತ್ತು ಚಹಾ ತರಿಸಿ, ಅದನ್ನು ಗೋಡೆಯ ಗಡಿಯಾರದ ಲೆಕ್ಕಕ್ಕೆ ಹಾಕಬೇಕಾಯಿತು.

ಉಳಿದದ್ದು ಬೆಲ್ಲದ ರಾಶಿ. ಅದಕ್ಕೆ ಇಬ್ಬರು ಒಡೆಯರು, ಇಬ್ಬರ ಕೈಯಲ್ಲೂ ಚೀಟಿ. ಅಧ್ಯಕ್ಷರು ಹತ್ತಿರ ಬಂದು ನೊಣಗಳನ್ನು ನೋಡಿದರು. ಸೆಕೆಗೆ ಮೇಲಿನ ಪೆಂಟೆಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಇನ್ನೊಂದು ದಿನ ಬಿಟ್ಟರೆ ಎರಡು ಪಾಲು ಮಾಡಲೂ ಬರುವುದಿಲ್ಲ, ಈಗಲೇ ಇಬ್ಬರೂ ಸೇರಿ ಒಯ್ದು ಹಂಚಿಕೊಳ್ಳಿ ಎಂದು ತೀರ್ಪು ಕೊಟ್ಟರು. ಸಾಹುಕಾರರು ಮೊದಲೇ ಹೇಳಿಟ್ಟಿದ್ದ ಟೆಂಪೋ ಒಂದೇ ಇತ್ತು. ಬೇರೆ ಟೆಂಪೋದವರು ನೊಣ ನೋಡಿ ಬರಲು ಒಪ್ಪಲಿಲ್ಲ.

ಹಮಾಲರು ಮುಖಕ್ಕೆ ಗೋಣಿ ಕಟ್ಟಿಕೊಂಡು ಮಾಲು ಹೇರಿದರು. ಚಾಲಕನ ಪಕ್ಕ ಇಬ್ಬರು ಕೂರುವಷ್ಟು ಜಾಗ. ಮಾಲನ್ನು ಇನ್ನೊಬ್ಬರ ಕೈಗೆ ಬಿಟ್ಟು ಹಿಂದೆ ಬರಲು ಇಬ್ಬರೂ ತಯಾರಿಲ್ಲ. ಯಾರು ಮೊದಲು ಹತ್ತಬೇಕು ಎಂಬುದೇ ಮತ್ತೆ ಪ್ರಶ್ನೆಯಾಯಿತು. ಮೊದಲು ಹತ್ತಿದವರು ನಡುವೆ ಗೇರಿನ ಪಕ್ಕ ಮಂಡಿ ಮಡಚಿ ಕೂರಬೇಕು. ಇಬ್ಬರೂ ಬಾಗಿಲಿನ ಬಳಿ ನಿಂತು ಆಕಾಶ ನೋಡಿದರು. ಕೊನೆಗೆ ಚಾಲಕನೇ ರೇಗಿ, ದೊಡ್ಡವರ ಮಂಡಿ ನೋಯುತ್ತದೆ, ಸಣ್ಣವರು ಹತ್ತಿ ಎಂದ. ಭಾವಮೈದುನ ಹತ್ತಿದರು. ಸಾಹುಕಾರರು ಹತ್ತಿ ಬಾಗಿಲು ಹಾಕಿಕೊಂಡರು. ಕಿಟಕಿಯ ಗಾಜು ಏರಿಸಲು ಬರದೆ ಒದ್ದಾಡುತ್ತಿದ್ದಾಗ ನೊಣವೊಂದು ಒಳಗೆ ಹೊಕ್ಕಿತು. "ಅಲ್ಲೇ ಅಲ್ಲೇ, ಕೊಳ್ಳಾಗ ಕುಂತದ, ಅಳ್ಳಾಡಬ್ಯಾಡ್ರಿ!" ಎಂದು ಭಾವಮೈದುನ ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಅದು ಗೋಡೆಗೆ ಹೇಳಿದ್ದಲ್ಲ. ಟೆಂಪೋ ಹೊರಟಿತು, ನೊಣದ ಹಿಂಡು ಅದರ ಹಿಂದೆ ಹೊರಟಿತು, ಗೇಟಿನ ಯಂತ್ರ ಸರಿಯಾದ ಸಮಯ ಬರೆದುಕೊಂಡಿತು.

ವಾರದ ಮೇಲೆ ಸಾಹುಕಾರರು ಫೋನು ಮಾಡಿದ್ದರು. ಯಂತ್ರ ಈಗ ಹೇಗಿದೆ ಎಂದು ಕೇಳಿದೆ. "ಇರೂದು ಛಲೋ ಅದರೀ, ಆದ್ರ ಮೊದಲಿನ ಮಜಾ ಇಲ್ಲ" ಎಂದರು. ಬೆಲ್ಲ ಹಂಚಿಕೊಂಡಿರಾ ಎಂದದ್ದಕ್ಕೆ, "ಹಂಚಾಕ ಬರಲಿಲ್ಲ, ಅಂಟಿಬಿಟ್ಟಿತ್ತು. ಅವನ ಗೋದಾಮಿನ್ಯಾಗ ಇಟ್ಟು ಇಬ್ಬರೂ ಕೂಡೇ ಮಾರಿದ್ವಿ. ದಿನಾ ಜಗಳ ರೀ" ಎಂದು ಹೇಳಿ, ಹಿಂದೆ ಯಾರಿಗೋ, "ಏ, ತಕ್ಕಡಿ ಸರಿ ಹಿಡಿಯೋ ಮಾರಾಯಾ" ಎಂದು ಗದರಿದರು. ಆಚೆಯಿಂದ ಅಷ್ಟೇ ಜೋರಾಗಿ ಒಂದು ಉತ್ತರವೂ ಬಂತು.

ಮನೆಯಲ್ಲಿ ಈ ಕಥೆಯನ್ನು ಅತ್ತೆಗೆ ಹೇಳಿದ್ದೆ. ಅವರು ಪೂರ್ತಿ ಕೇಳಿ, ತಮಗೆ ತಿಳಿದಷ್ಟನ್ನು ನಮ್ಮ ಹೌಸಿಂಗ್ ಸೊಸೈಟಿಯ ಹೆಂಗಸರಿಗೆ ಹೇಳಿದರು. ಸೊಸೆ ಆಫೀಸಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಾಳೆ ಎಂದು. ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಮೇಲಿನ ಮನೆಯ ಮರಾಠಿ ಅಜ್ಜಿ ಸೆರಗಿನಲ್ಲಿ ಒಂದು ಗೋಡೆ ಗಡಿಯಾರ ಸುತ್ತಿಕೊಂಡು ಬಂದಿದ್ದರು. ನಾನು ಈ ತರಹದ ಗಡಿಯಾರ ಮಾಡುವವಳಲ್ಲ ಎಂದು ತಿಳಿಸಲು ಹೋದೆ. ಅತ್ತೆ ಅಡುಗೆಮನೆಯಿಂದ, "ಬಂದವರಿಗೆ ಇಲ್ಲ ಅನಬ್ಯಾಡ, ಒಂದೀಟು ನೋಡು" ಎಂದರು. ಬೆನ್ನು ಬಿಚ್ಚಿದೆ. ಒಳಗೆ ಸೆಲ್ಲೇ ಇರಲಿಲ್ಲ. ಟಿವಿಯ ರಿಮೋಟಿಗೆ ಬೇಕೆಂದು ಮೊಮ್ಮಗಳು ತೆಗೆದಿದ್ದಳಂತೆ, ಅದು ಅಜ್ಜಿಗೂ ಗೊತ್ತಿತ್ತಂತೆ. ಆದರೂ ಒಮ್ಮೆ ತಿಳಿದವರಿಗೆ ತೋರಿಸೋಣ ಎಂದು ಬಂದಿದ್ದರು. ನಮ್ಮ ರಿಮೋಟಿನ ಸೆಲ್ ತೆಗೆದು ಅದಕ್ಕೆ ಹಾಕಿದೆ. ಫೋನು ನೋಡಿ ಮುಳ್ಳು ತಿರುಗಿಸಿ ಕೊಟ್ಟೆ. ಅಜ್ಜಿ ಅದನ್ನು ಕಿವಿಗೆ ಹಿಡಿದು ಕೇಳಿ, ತೃಪ್ತಿಯಿಂದ ತಲೆಯಾಡಿಸಿ, ಇನ್ನು ಐದು ನಿಮಿಷ ಮುಂದೆ ಮಾಡಿಕೊಡು ಎಂದರು.